ಅನ್ನೆಕೆ ಯಾನ್ಸ್ ಯಾರ ಮಗಳು? ಮ್ಯಾನ್‌ಹಟನ್ನಿನ ಜಮೀನು, ರಾಜಮನೆತನದ ಕತೆ, ನಾರ್ವೆಯ ಒಂದು ದ್ವೀಪ

ಜರ್ಸಿ_ಜಗಲಿ:

ಎಲ್ರಿಗೂ ನಮಸ್ಕಾರ. ಹಳೇ ದಾಖಲೆ, ವಂಶಾವಳಿ ಅಂದ್ರೆ ಊಟ ಬಿಟ್ಟು ಕೂರೋರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ.

ನನ್ನ ಜೊತೆ ಕೆಲಸ ಮಾಡೋ ಒಬ್ಬರು ಹಡ್ಸನ್ ಕಣಿವೆಯ ಹಳೇ ಡಚ್ ಮನೆತನದವರು. ಅವರ ತಾಯಿ ಹತ್ರ ಅಜ್ಜನ ಕಾಲದ ಒಂದು ವಂಶವೃಕ್ಷದ ಹಾಳೆ ಇದೆ. ನೆತ್ತಿಯಲ್ಲಿ ಕಿರೀಟದ ಚಿತ್ರ. ಅದರ ಕೆಳಗೆ ‘ಹಾಲೆಂಡಿನ ದೊರೆ ನಾಲ್ಕನೇ ವಿಲಿಯಂ’, ಅವನ ಕೆಳಗೆ ವೆಬರ್ ಅನ್ನೋ ಮಗ, ಆ ವೆಬರ್ ಮಗಳು ಅನ್ನೆಕೆ ಯಾನ್ಸ್. ಅಲ್ಲಿಂದ ಕವಲೊಡೆದು ಕೊನೆಗೆ ಇವರ ಮನೆ. ‘ನೀನು ಕಂಪ್ಯೂಟರ್‌ನೋನು, ಇದು ನಿಜಾನಾ ಹುಡುಕಿ ಹೇಳು’ ಅಂತ ನನ್ನ ತಲೆಗೆ ಕಟ್ಟಿದ್ದಾರೆ.

ನಾನು ಓದಿ ತಿಳಿದಷ್ಟು ಹೇಳ್ತೀನಿ. ಅನ್ನೆಕೆ 1630ರಲ್ಲಿ ಗಂಡ ರೂಲೊಫ್ ಯಾನ್ಸ್, ಮಕ್ಕಳ ಜೊತೆ ‘ಏಂದ್ರಾಖ್ತ್’ ಹಡಗಲ್ಲಿ ಅಮೆರಿಕಕ್ಕೆ ಬಂದವಳು. ಮೊದಲು ಈಗಿನ ಆಲ್ಬನಿ ಹತ್ತಿರ ಒಕ್ಕಲುತನ. ಆ ಜಹಗೀರು ಆಮ್‌ಸ್ಟರ್‌ಡ್ಯಾಮಿನ ವಜ್ರದ ವ್ಯಾಪಾರಿ ವಾನ್ ರೆನ್ಸೆಲಾರ್‌ದು. ಆಮೇಲೆ ಮ್ಯಾನ್‌ಹಟನ್. 1636ರಲ್ಲಿ ಹಡ್ಸನ್ ದಂಡೆಯಲ್ಲಿ 31 ಮಾರ್ಗೆನ್, ಹೆಚ್ಚುಕಮ್ಮಿ 62 ಎಕರೆ ಜಮೀನು ಮಂಜೂರಾಯ್ತು. ಒಂದೆರಡು ವರ್ಷದಲ್ಲೇ ರೂಲೊಫ್ ತೀರಿಹೋದ. 1638ರಲ್ಲಿ ಊರಿನ ಪಾದ್ರಿ ಬೊಗಾರ್ಡಸ್ ಜೊತೆ ಎರಡನೇ ಮದುವೆ. 1647ರಲ್ಲಿ ‘ಪ್ರಿನ್ಸೆಸ್ ಅಮೀಲಿಯಾ’ ಹಡಗು ವೇಲ್ಸ್ ತೀರದಲ್ಲಿ ಒಡೆದು ಆತನೂ ಹೋದ. 1663ರಲ್ಲಿ ಆಲ್ಬನಿಯಲ್ಲಿ, ಆಗ ಬೆವರ್‌ವೈಕ್ ಅಂತಿದ್ದ ಊರಲ್ಲಿ, ಅನ್ನೆಕೆಯೂ ಕಣ್ಣು ಮುಚ್ಚಿದಳು.

ಇಷ್ಟು ಎಲ್ಲಾ ಕಡೆ ಸಿಗುತ್ತೆ. ಹುಟ್ಟಿದ್ದೆಲ್ಲಿ, ಅಪ್ಪ ಯಾರು ಅನ್ನೋದಕ್ಕೆ ಮಾತ್ರ ಒಂದೊಂದು ಜಾಲತಾಣದಲ್ಲಿ ಒಂದೊಂದು ಉತ್ತರ. ಡಚ್ ಬಲ್ಲವರು ಯಾರಾದ್ರೂ ಇದ್ದೀರಾ?

ಆಮ್‌ಸ್ಟೆಲ್‌ವೀನ್_ಅಕ್ಕ:

ಇದ್ದೀನಿ. ಹಳೇ ಡಚ್ ಕೈಬರಹ ಓದೋದು ನನಗೆ ಭಾನುವಾರದ ಚಟ.

ಆ ಹಾಳೆಯ ಮೊದಲ ಸಾಲೇ ನಿಲ್ಲೋದಿಲ್ಲ ಕಣಪ್ಪಾ. ಆರೆಂಜ್ ಮನೆತನದ ನಾಲ್ಕನೇ ವಿಲಿಯಂ ಹುಟ್ಟಿದ್ದು 1711ರಲ್ಲಿ. ಅಷ್ಟು ಹೊತ್ತಿಗೆ ಅನ್ನೆಕೆ ಮಣ್ಣು ಸೇರಿ ಹತ್ತಿರ ಹತ್ತಿರ ಐವತ್ತು ವರ್ಷ. ಆತ ದೊರೆಯೂ ಅಲ್ಲ, ಸ್ಟಾಟ್‌ಹೌಡರ್, ಅಂದ್ರೆ ಡಚ್ ಪ್ರಾಂತ್ಯಗಳ ಮುಖ್ಯಾಧಿಕಾರಿ. ಹಾಲೆಂಡಿಗೆ ದೊರೆ ಅಂತ ಬಂದದ್ದು 1806ರಲ್ಲಿ, ನೆಪೋಲಿಯನ್ ತನ್ನ ತಮ್ಮ ಲೂಯಿಯನ್ನ ತಂದು ಕೂರಿಸಿದಾಗ. ಈ ಎಡವಟ್ಟು ಕಣ್ಣಿಗೆ ಬಿದ್ದ ಕೆಲವರು ಬೇರೆ ಹಾಳೆಗಳಲ್ಲಿ ಅಜ್ಜನನ್ನೇ ಬದಲಾಯಿಸಿಬಿಟ್ಟಿದ್ದಾರೆ: 1584ರಲ್ಲಿ ಡೆಲ್ಫ್ಟಿನಲ್ಲಿ ಕೊಲೆಯಾದ ‘ಮೌನಿ ವಿಲಿಯಂ’. ಇಸವಿ ಏನೋ ಹೊಂದಿಕೊಳ್ಳುತ್ತೆ. ಆಧಾರ ಮಾತ್ರ ಚೂರೂ ಇಲ್ಲ.

ಇನ್ನು ನಿಜವಾದ ಕಾಗದ. ಆಮ್‌ಸ್ಟರ್‌ಡ್ಯಾಮಲ್ಲಿ ಮದುವೆಗೆ ಮುಂಚೆ ಗಂಡು ಹೆಣ್ಣು ಬಂದು ಹೆಸರು ಬರೆಸಬೇಕಿತ್ತು, ಆಮೇಲೆ ಚರ್ಚಿನಲ್ಲಿ ಸಾರುತ್ತಿದ್ದರು. ಆ ಪುಸ್ತಕಗಳು ಉಳಿದಿವೆ, ನಗರದ ದಾಖಲೆ ಭಂಡಾರದಲ್ಲಿ ಯಾರು ಬೇಕಾದ್ರೂ ಪರದೆ ಮೇಲೆ ನೋಡಬಹುದು. 1623ರ ಏಪ್ರಿಲ್‌ನಲ್ಲಿ ಒಂದು ನಮೂದು: ಗಂಡು ಮಾರ್‌ಸ್ಟ್ರಾಂಡಿನ ರೂಲೊಫ್ ಯಾನ್ಸ್, ನಾವಿಕ. ಹೆಣ್ಣು ಫ್ಲೆಕೆರೊಯ್‌ನ ಅನ್ನಾ ಯಾನ್ಸ್, ವಯಸ್ಸು 18.

ಅವಳ ಹುಟ್ಟಿದ ಊರಿಗೆ ಇರೋ ಗಟ್ಟಿ ಸಾಕ್ಷಿ ಇದು. ಫ್ಲೆಕೆರೊಯ್ ನಾರ್ವೆಯ ದಕ್ಷಿಣ ತುದಿಯ ದ್ವೀಪ, ಈಗಿನ ಕ್ರಿಸ್ಟಿಯಾನ್‌ಸಾಂಡ್ ಊರಿಗೆ ಅಂಟಿಕೊಂಡ ಹಾಗಿದೆ. 18ರ ಲೆಕ್ಕದಲ್ಲಿ ಹುಟ್ಟಿದ್ದು 1605ರ ಆಸುಪಾಸು. ‘ಸು. 1605’ ಅಂತ ಎಲ್ಲಾ ಕಡೆ ಕಾಣೋದು ಇದೇ ಒಂದು ನಮೂದಿನಿಂದ ಬಂದದ್ದು. ಗಂಡನ ಊರು ಮಾರ್‌ಸ್ಟ್ರಾಂಡ್ ಈಗ ಸ್ವೀಡನ್ನಿನಲ್ಲಿದೆ, 1658ರ ತನಕ ಅದೂ ನಾರ್ವೆಗೇ ಸೇರಿತ್ತು. ಅದನ್ನ ಹಾಲೆಂಡಿನ ಯಾವುದೋ ಊರು ಅಂತ ಓದಿಕೊಂಡವರೂ ಇದ್ದಾರೆ, ಹಾಗಾಗಿ ಗಂಡ ಹೆಂಡತಿ ಇಬ್ಬರನ್ನೂ ‘ಡಚ್ಚರು’ ಮಾಡಿಬಿಟ್ಟರು.

ಧಾರವಾಡ_ಪೇಡೆ:

ಅಲ್ರಿ ಅಕ್ಕಾರ, ನಾರ್ವೆದಾಗಿನ ಹುಡುಗಿ ಆಮ್‌ಸ್ಟರ್‌ಡ್ಯಾಮಿಗೆ ಯಾಕ ಬಂದ್ಲು? ಮತ್ತ ಗಂಡಾನೂ ಯಾನ್ಸ್, ಹೆಂಡ್ತೀನೂ ಯಾನ್ಸ್. ಒಂದ ಬಳಗದಾಗ ಮದವಿ ಆಗ್ಯಾರೇನ?

ಆಮ್‌ಸ್ಟೆಲ್‌ವೀನ್_ಅಕ್ಕ:

ಇಲ್ಲ ಇಲ್ಲ, ಬಳಗ ಅಲ್ಲ. ಅವನ ಅಪ್ಪನ ಹೆಸರು ಯಾನ್, ಇವಳ ಅಪ್ಪನ ಹೆಸರೂ ಯಾನ್. ಅಷ್ಟೇ ಸಂಬಂಧ. ಆ ಕಾಲದ ಸಾಮಾನ್ಯ ಜನಕ್ಕೆ ಮನೆತನದ ಹೆಸರು ಇರಲಿಲ್ಲ, ನಮ್ಮ ಪಾಸ್‌ಪೋರ್ಟಲ್ಲಿ ಅಪ್ಪನ ಹೆಸರು ಕೊನೇ ಹೆಸರಾಗಿ ಕೂತ್ಕೊಳ್ಳಲ್ವಾ, ಹಾಗೆ. ಆಮ್‌ಸ್ಟರ್‌ಡ್ಯಾಮಿನ ಪುಸ್ತಕದಲ್ಲಿ ಒಂದು ಪುಟ ತೆಗೆದರೆ ಯಾನ್ ಮಕ್ಕಳು ಸಾಲುಗಟ್ಟಿ ನಿಂತಿರ್ತಾರೆ. ‘ಯಾನ್ಸ್’ ಅಂತ ಹುಡುಕುಪೆಟ್ಟಿಗೆಯಲ್ಲಿ ಹಾಕಿ ಸಂಬಂಧ ಕಟ್ಟೋಕೆ ಹೋದ್ರೆ ಮುಗೀತು.

ಯಾಕೆ ಬಂದ್ಲು ಅಂದ್ರೆ ಮರ. ದಕ್ಷಿಣ ನಾರ್ವೆಯಲ್ಲಿ ಕಾಡು, ಹಾಲೆಂಡಿನಲ್ಲಿ ಹಡಗು ಕಟ್ಟೋಕೂ ಮನೆಯ ಅಡಿಪಾಯಕ್ಕೆ ಗೂಟ ಹೊಡೆಯೋಕೂ ಮರವೇ ಇಲ್ಲ. ಫ್ಲೆಕೆರೊಯ್ ಆ ದಾರಿಯ ಒಳ್ಳೇ ಬಂದರು, ಗಾಳಿ ಜೋರಾದಾಗ ಡಚ್ ಹಡಗು ಬಂದು ತಂಗುತ್ತಿದ್ದ ಜಾಗ. ಮರದ ಹಿಂದೆಯೇ ಜನವೂ ಬಂದರು. ಗಂಡಸರು ನಾವಿಕರಾದರು, ಹೆಣ್ಣುಮಕ್ಕಳು ಮನೆಗೆಲಸಕ್ಕೆ ನಿಂತರು.

ಇನ್ನೊಂದು ಸುಳಿವು: ಈ ದಂಪತಿಗೆ ಆಮ್‌ಸ್ಟರ್‌ಡ್ಯಾಮಲ್ಲಿ ಹುಟ್ಟಿದ ಮಕ್ಕಳ ದೀಕ್ಷಾಸ್ನಾನ ಆದದ್ದು ಲೂಥರನ್ ಚರ್ಚಿನಲ್ಲಿ. ನಾರ್ವೆ, ಡೆನ್ಮಾರ್ಕ್, ಜರ್ಮನಿ ಕಡೆಯಿಂದ ಬಂದವರು ಸೇರುತ್ತಿದ್ದ ಚರ್ಚು ಅದು. ಡಚ್ ಮುಖ್ಯ ಚರ್ಚು ಬೇರೆ.

ಕುಂದಾಪ್ರ_ಕಡಲು:

ಹಾಗಾದ್ರೆ ಸುಲಭ ಅಲ್ವಾ ಮಾರಾಯ್ರೆ, ಫ್ಲೆಕೆರೊಯ್ ಚರ್ಚಿನ ಪುಸ್ತಕದಲ್ಲಿ 1605 ತೆಗೆದು ನೋಡಿದ್ರೆ ಅಪ್ಪ ಅಮ್ಮ ಸಿಕ್ಕಿದ್ರಲ್ಲ?

ಆಮ್‌ಸ್ಟೆಲ್‌ವೀನ್_ಅಕ್ಕ:

ಅಲ್ಲೇ ಬಾಗಿಲು ಮುಚ್ಚಿರೋದು. ಇಡೀ ನಾರ್ವೆಯಲ್ಲಿ ಉಳಿದಿರೋ ಅತಿ ಹಳೇ ಚರ್ಚು ಪುಸ್ತಕ ಆಂದೆಬು ಅನ್ನೋ ಊರಿನದು. ಅದು ಶುರುವಾಗೋದು 1623ರಲ್ಲಿ, ಅಂದ್ರೆ ಅನ್ನೆಕೆ ಆಮ್‌ಸ್ಟರ್‌ಡ್ಯಾಮಲ್ಲಿ ಮದುವೆಯಾದ ವರ್ಷ! ಎಲ್ಲಾ ಪಾದ್ರಿಗಳೂ ಪುಸ್ತಕ ಇಡಲೇಬೇಕು ಅನ್ನೋ ಕಟ್ಟಳೆ ಬಂದದ್ದು ಆ ಶತಮಾನದ ಕೊನೆಗೆ. 1605ರ ಹುಟ್ಟಿಗೆ ನಾರ್ವೆಯಲ್ಲಿ ಚರ್ಚು ದಾಖಲೆ ಹುಡುಕೋದು ವ್ಯರ್ಥ. ಯಾರಾದ್ರೂ ‘ಅನ್ನೆಕೆಯ ದೀಕ್ಷಾಸ್ನಾನದ ದಿನಾಂಕ’ ಅಂತ ಬರೆದಿದ್ದರೆ ಅದು ಬರೆದವರ ಕೈಚಳಕ.

ಅಪ್ಪನ ಬಗ್ಗೆ ನಮಗೆ ಗೊತ್ತಿರೋದು ಇಷ್ಟೇ: ಹೆಸರು ಯಾನ್.

ತಾಯಿ ಸಿಗ್ತಾಳೆ, ಅದೂ ಚೆನ್ನಾಗೇ ಸಿಗ್ತಾಳೆ. ತ್ರೈನ್ ಯೋನಾಸ್, ನ್ಯೂ ಆಮ್‌ಸ್ಟರ್‌ಡ್ಯಾಮಿನ, ಅಂದ್ರೆ ಮ್ಯಾನ್‌ಹಟನ್ನಿನ ಡಚ್ ಊರಿನ ಸೂಲಗಿತ್ತಿ. ಆ ವಸಾಹತನ್ನ ನಡೆಸುತ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿ ಸಂಬಳ ಕೊಟ್ಟು ಇಟ್ಟುಕೊಂಡಿದ್ದವಳು, ಅವಳಿಗೆ ಅಂತ ಒಂದು ಮನೆಯನ್ನೂ ಕಟ್ಟಿಸಿಕೊಟ್ಟಿತ್ತು. ಇನ್ನೊಬ್ಬ ಮಗಳು ಮರಿತ್ಯೆ ಕೂಡ ಅಲ್ಲೇ ಇದ್ದಳು, ಹಡಗಿನ ಬಡಗಿಯೊಬ್ಬನನ್ನ ಮದುವೆಯಾಗಿ. ಹೀಗೆ ತಾಯಿ, ಇಬ್ಬರು ಹೆಣ್ಣುಮಕ್ಕಳು, ಮೂರೂ ಜನ ಒಂದೇ ಸಣ್ಣ ಊರಿನಲ್ಲಿ. ಯಾರ ಕಾಗದದಲ್ಲೂ ವೆಬರ್ ಅನ್ನೋ ಹೆಸರು ಅಪ್ಪನಾಗಿಯೂ ಬರಲ್ಲ, ಅಣ್ಣನಾಗಿಯೂ ಬರಲ್ಲ. ವೊಲ್ಫರ್ಟ್ ವೆಬರ್ ಅನ್ನೋ ಒಬ್ಬ ವಲಸಿಗ ಅದೇ ಊರಲ್ಲಿ ನಿಜವಾಗ್ಲೂ ಇದ್ದ, ಪಾಪ. ಅವನನ್ನ ತಂದು ಇವಳಿಗೆ ಅಣ್ಣ ಮಾಡಿದ್ದು ನೂರಾರು ವರ್ಷ ಆದಮೇಲೆ.

ಮಕ್ಕಳ ಹೆಸರೂ ನೋಡಿ. ಒಬ್ಬ ಮಗಳು ತ್ರೈನ್ತ್ಯೆ, ಒಬ್ಬ ಮಗ ಯಾನ್, ಎರಡನೇ ಮದುವೆಯ ಒಬ್ಬ ಮಗ ಯೋನಾಸ್. ಅಜ್ಜ ಅಜ್ಜಿಯರ ಹೆಸರು ಇಡೋದು ಅವರಲ್ಲೂ ಪದ್ಧತಿ. ತ್ರೈನ್‌ನ ಹೆಸರು ಮಗಳಿಗೆ, ತ್ರೈನ್‌ನ ಅಪ್ಪನ ಹೆಸರು ಮಗನಿಗೆ. ರಾಜಮನೆತನದ ರಕ್ತ ಇದ್ದಿದ್ರೆ ಮೌರಿಟ್ಸ್ ಅಂತಲೋ ಫ್ರೆಡರಿಕ್ ಹೆಂಡ್ರಿಕ್ ಅಂತಲೋ ಒಬ್ಬನಾದ್ರೂ ಇರಬೇಡ್ವಾ?

ಕುಂದಾಪ್ರ_ಕಡಲು:

ಒಬ್ಬ ಮಗನ ಹೆಸರು ವಿಲ್ಲೆಮ್ ಅಂತ ಇದೆಯಲ್ಲ? ಈಗ ಗೂಗಲ್ ಮಾಡಿದೆ.

ಆಮ್‌ಸ್ಟೆಲ್‌ವೀನ್_ಅಕ್ಕ:

ಭಲೇ. ಕತೆ ನಂಬುವವರೂ ಅದನ್ನೇ ಹಿಡ್ಕೊಳ್ಳೋದು. ಆದ್ರೆ ಆ ವಿಲ್ಲೆಮ್ ಪಾದ್ರಿ ಬೊಗಾರ್ಡಸ್‌ನ ಮಗ. ಪಾದ್ರಿಯ ಅಪ್ಪನ ಹೆಸರು ವಿಲ್ಲೆಮ್, ಪಾದ್ರಿ ಚಿಕ್ಕಂದಿನಲ್ಲಿ ‘ಎವರ್ಟ್ ವಿಲ್ಲೆಮ್ಸ್’ ಅಂತ್ಲೇ ಕರೆಸಿಕೊಂಡವನು. ಮೊದಲ ಗಂಡುಮಗುವಿಗೆ ಅಪ್ಪನ ಕಡೆಯ ಅಜ್ಜನ ಹೆಸರು.

ಮೈಸೂರ್_ಮುನ್ಸೀಫ:

ವೃತ್ತಿಯಿಂದ ವಕೀಲ. ವಂಶಾವಳಿ ಬಗ್ಗೆ ನನಗೆ ಹೆಚ್ಚು ತಿಳಿಯದು, ಆದರೆ ಒಂದು ಕೇಳುತ್ತೇನೆ. ಸೂಲಗಿತ್ತಿಯ ಮಗಳನ್ನು ರಾಜಪುತ್ರನ ಮೊಮ್ಮಗಳೆಂದು ಹೇಳುವುದರಿಂದ ಯಾರಿಗೆ ಏನು ಲಾಭ? ನಮ್ಮ ಕಡೆ ಇಂಥ ವಂಶವೃಕ್ಷ ಹುಟ್ಟುವುದು ಸಾಮಾನ್ಯವಾಗಿ ಒಂದು ಸರ್ವೆ ನಂಬರಿನ ಪಕ್ಕದಲ್ಲಿ. ಆ 62 ಎಕರೆ ಏನಾಯಿತು?

ಜರ್ಸಿ_ಜಗಲಿ:

ಸರ್, ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಅದನ್ನ ನಾನು ಒಂದಷ್ಟು ಓದಿದ್ದೀನಿ, ಹೇಳ್ತೀನಿ.

ಅನ್ನೆಕೆ 1663ರ ಜನವರಿ 29ರಂದು ಉಯಿಲು ಬರೆಸಿದಳು. ಜಮೀನು ಮಾರಿ ಬಂದ ಹಣದಲ್ಲಿ ಮೊದಲ ಗಂಡನ ಮಕ್ಕಳಿಗೆ ಮೊದಲು 1000 ಗಿಲ್ಡರ್, ಉಳಿದದ್ದು ಎಲ್ಲಾ ಮಕ್ಕಳಿಗೂ ಸಮಪಾಲು. ಮೊಮ್ಮಕ್ಕಳಿಗೆ ಬೆಳ್ಳಿ ಲೋಟ. ಹಾಸಿಗೆ, ಹಾಲು ಕರೆಯೋ ಹಸು ಕೂಡ ಅದರಲ್ಲಿ ಬರುತ್ತೆ. ಹಾಲೆಂಡಿನಲ್ಲಿ ತನಗೆ ಬರಬೇಕಾದ ಆಸ್ತಿ ಅಂತ ಒಂದಕ್ಷರ ಇಲ್ಲ.

ಮರುವರ್ಷವೇ ಊರು ಇಂಗ್ಲಿಷರ ಪಾಲಾಯ್ತು. 1671ರಲ್ಲಿ ವಾರಸುದಾರರು ಜಮೀನನ್ನ ಗವರ್ನರ್ ಲವ್‌ಲೇಸ್‌ಗೆ ಮಾರಿದರು. ಆದ್ರೆ ಕ್ರಯಪತ್ರದಲ್ಲಿ ಒಂದು ಕವಲಿನ ಸಹಿ ಇಲ್ಲ. ಆಗಲೇ ತೀರಿಹೋಗಿದ್ದ ಮಗ ಕಾರ್ನೆಲಿಸ್ ಬೊಗಾರ್ಡಸ್‌ನ ಕಡೆಯವರು ರುಜು ಹಾಕಿಲ್ಲ. ಲವ್‌ಲೇಸ್ ಸಾಲದಲ್ಲಿ ಮುಳುಗಿ ಆಸ್ತಿ ಕಳ್ಕೊಂಡ, ಜಮೀನು ಯಾರ್ಕ್ ಡ್ಯೂಕ್‌ಗೆ ಹೋಯ್ತು. ಡ್ಯೂಕ್ ದೊರೆಯಾದ ಮೇಲೆ ಅದೇ ‘ದೊರೆಯ ತೋಟ’, ಆಮೇಲೆ ‘ರಾಣಿಯ ತೋಟ’. 1705ರಲ್ಲಿ ರಾಣಿ ಆನ್ ಅದನ್ನ ಟ್ರಿನಿಟಿ ಚರ್ಚಿಗೆ ಬರೆದುಕೊಟ್ಟಳು. ವಾಲ್ ಸ್ಟ್ರೀಟ್ ತುದಿಯಲ್ಲಿ ಇರೋ ಅದೇ ಚರ್ಚು. ಇವತ್ತಿಗೂ ಆ ಭಾಗದಲ್ಲಿ ಚರ್ಚಿನ ಕಟ್ಟಡಗಳಿವೆ, ಆಸ್ತಿ ಶತಕೋಟಿ ಡಾಲರ್‌ಗಳ ಲೆಕ್ಕದ್ದು.

ಮೈಸೂರ್_ಮುನ್ಸೀಫ:

ಒಂದು ರುಜು ಬಿಟ್ಟುಹೋಗಿದೆ! ಇನ್ನೇನು ಬೇಕು. ಇದನ್ನು ಓದಿದ ಕೂಡಲೇ ನನಗೆ ನಮ್ಮ ಕೋರ್ಟಿನ ಕಾರಿಡಾರ್ ಕಣ್ಣಮುಂದೆ ಬಂತು. ಅವಿಭಕ್ತ ಕುಟುಂಬದ ಆಸ್ತಿ, ಒಬ್ಬ ಮಗ ಸತ್ತಿದ್ದಾನೆ, ಅವನ ಹೆಂಡತಿ ಮಕ್ಕಳನ್ನು ಕೇಳದೆ ಉಳಿದವರು ಮಾರಿಬಿಟ್ಟಿದ್ದಾರೆ. ನಾಲ್ಕನೇ ತಲೆಮಾರಿನಲ್ಲಿ ಒಬ್ಬ ಮೊಮ್ಮಗ ಕ್ರಯಪತ್ರದ ನಕಲು ಹಿಡಿದು ಬರುತ್ತಾನೆ.

ನಾನೂ ಹುಡುಕಿ ಓದಿದೆ. 18ನೇ ಶತಮಾನದಲ್ಲಿಯೇ ವಂಶಸ್ಥರು ದಾವೆ ಹೂಡಿದ್ದಾರೆ, ಬೇಲಿ ಕಿತ್ತಿದ್ದಾರೆ, ಒಳಗೆ ಹೋಗಿ ಕೂತಿದ್ದಾರೆ. ದೊಡ್ಡ ಮೊಕದ್ದಮೆ 1830ರ ದಶಕದಲ್ಲಿ ಶುರುವಾಗಿ 1847ರಲ್ಲಿ ತೀರ್ಮಾನವಾಯಿತು. ವೈಸ್ ಚಾನ್ಸಲರ್ (ಅಲ್ಲಿ ಅದು ನ್ಯಾಯಾಧೀಶರ ಹುದ್ದೆ) ಸ್ಯಾಂಡ್‌ಫರ್ಡ್ ಚರ್ಚಿನ ಪರ ತೀರ್ಪು ಕೊಟ್ಟರು. ಕಾನೂನಿನ ದೃಷ್ಟಿಯಿಂದ ಸರಳ: ಮೊದಲಿಗೆ ಹಕ್ಕಿನಲ್ಲಿ ಕೊರತೆ ಇದ್ದಿರಲಿ, ನೂರು ವರ್ಷಕ್ಕೂ ಮೀರಿ ಬಹಿರಂಗವಾಗಿ, ತನ್ನದೆಂದು ಅನುಭವಿಸಿಕೊಂಡು ಬಂದ ಸ್ವಾಧೀನವನ್ನು ಈಗ ಅಲುಗಾಡಿಸಲಾಗದು. ನಮ್ಮಲ್ಲೂ ಪ್ರತಿಕೂಲ ಸ್ವಾಧೀನ ಎಂದು ಇದೇ ವಾದ ನಡೆಯುತ್ತದೆ. ನನ್ನ ಕಕ್ಷಿದಾರ ಆ ವಂಶಸ್ಥನಾಗಿದ್ದರೆ ‘ಫೀಸು ಕೊಡಬೇಡಿ, ಮನೆಗೆ ಹೋಗಿ’ ಎನ್ನುತ್ತಿದ್ದೆ. ಎನ್ನಬೇಕಿತ್ತು, ಕನಿಷ್ಠ.

ಜರ್ಸಿ_ಜಗಲಿ:

ಹಾಗೆ ಹೇಳಿದವರು ಕಮ್ಮಿ ಅನ್ಸುತ್ತೆ ಸರ್. ಮ್ಯಾನ್‌ಹಟನ್ ಜಮೀನು ಕೈತಪ್ಪಿದ ಮೇಲೆ ಕತೆ ಹಾಲೆಂಡಿಗೆ ಹಾರಿತು. ಅನ್ನೆಕೆ ಅಜ್ಜನ ಮಾತು ಮೀರಿ ಸಾಮಾನ್ಯ ರೈತನನ್ನ ಮದುವೆಯಾದಳು, ರಾಜ ಸಿಟ್ಟಾಗಿ ಅವಳ ಪಾಲನ್ನ ಏಳನೇ ತಲೆಮಾರಿಗೆ ಸಿಗೋ ಹಾಗೆ ಹಾಲೆಂಡಿನಲ್ಲಿ ಇಟ್ಟ, ಅದು ಬಡ್ಡಿ ಬೆಳೆದು ಗುಡ್ಡೆ ಆಗಿದೆ ಅಂತ. ಏಳನೇ ತಲೆಮಾರು ಅಂದ್ರೆ ಸರಿಯಾಗಿ 19ನೇ ಶತಮಾನದಲ್ಲಿ ಬದುಕಿದ್ದವರು! ವಾರಸುದಾರರ ಸಂಘಗಳು ಹುಟ್ಟಿದವು, ಸದಸ್ಯತ್ವಕ್ಕೆ, ವಕೀಲರಿಗೆ ಅಂತ ಹಣ ಎತ್ತಿದವು. ಹಣ ಕಟ್ಟೋಕೆ ಮುಂಚೆ ನೀವು ವಂಶಸ್ಥರು ಅಂತ ತೋರಿಸಬೇಕಲ್ಲ, ಅದಕ್ಕೆ ಹಾಳೆ. ಸಹೋದ್ಯೋಗಿಯ ಅಜ್ಜನ ಹಾಳೆಯೂ ಆ ಕಾಲದ್ದೇ ಇರಬೇಕು, ಅಚ್ಚು ನೋಡಿದ್ರೆ ಹಾಗೇ ಕಾಣುತ್ತೆ.

ಧಾರವಾಡ_ಪೇಡೆ:

ಈಗ ತಿಳೀತ್ ನೋಡ್ರಿ. ನಮ್ಮ ಕಡೆ ಹೆಳವರು ಬರ್ತಾರಲ್ಲ, ಎತ್ತಿನ ಮ್ಯಾಲೆ ಕುಂತು, ಹೊತ್ತಿಗಿ ತಗದು ನಿಮ್ಮ ಮುತ್ತ್ಯಾನ ಮುತ್ತ್ಯಾ ಯಾವ ಊರಿಂದ ಬಂದ, ಯಾವ ಹೊಲಾ ಮಾಡಿದ, ಎಷ್ಟ ಮಕ್ಕಳು ಅಂತ ರಾಗ ಮಾಡಿ ಹೇಳ್ತಾರ. ಸಣ್ಣವ ಇದ್ದಾಗ ಕಟ್ಟಿ ಮ್ಯಾಲೆ ಕುಂತು ಕೇಳೇನಿ. ಜ್ವಾಳ ಹಾಕಿದವರಿಗೆ ನಾಲ್ಕ ಮಾತ ಜಾಸ್ತಿ, ಅದೂ ಖರೇ! ಆದರ ಒಂದ ವಿಚಾರ ಮಾಡ್ರಿ: ಹೆಳವರು ಊರೂರು ತಿರಗ್ತಾರ, ನಿಮ್ಮ ಭಾವಕಿ ಯಾರ್‍ಯಾರ ಮನಿಗೂ ಹೋಗ್ತಾರ. ಇಲ್ಲಿ ಒಂದ, ಅಲ್ಲಿ ಒಂದ ಹೇಳಿದ್ರ ಸಿಕ್ಕಿ ಬೀಳ್ತಾರ. ಈ ಅಮೆರಿಕಾದ ಸಂಘದವರಿಗೆ ಆ ಅಂಜಿಕಿನೂ ಇರಲಿಲ್ಲ. ಎಲ್ಲಾ ಮನಿಯವರಿಗೂ ಒಂದ ಸುಳ್ಳು ಬೇಕಾಗಿತ್ತು.

ಆಮ್‌ಸ್ಟೆಲ್‌ವೀನ್_ಅಕ್ಕ:

ಪೇಡೆಯವರೇ, ಕೊನೇ ಸಾಲು ಬರೆದಿಟ್ಟುಕೊಂಡೆ.

ಕತೆ ಕಟ್ಟಿದವರ ಇನ್ನೊಂದು ಅನುಕೂಲ ಅಂದ್ರೆ ಡಚ್ ಕಾಗದಗಳು ತುಂಬಾ ಹಾಳಾಗಿವೆ. ವೆಸ್ಟ್ ಇಂಡಿಯಾ ಕಂಪನಿಯ ಹಳೇ ಕಡತಗಳಲ್ಲಿ ಎಷ್ಟೋ ಭಾಗವನ್ನ 1821ರಲ್ಲಿ ರದ್ದಿಗೆ ಹಾಕಿದರು. ‘ದಾಖಲೆ ಕಳೆದುಹೋಗಿದೆ’ ಅಂದ್ರೆ ಯಾವ ರಾಜಕುಮಾರನನ್ನಾದ್ರೂ ಅಲ್ಲಿ ಕೂರಿಸಬಹುದು. ಆಲ್ಬನಿಯಲ್ಲಿದ್ದ ನ್ಯೂ ನೆದರ್‌ಲ್ಯಾಂಡಿನ, ಅಂದ್ರೆ ಆ ಡಚ್ ವಸಾಹತಿನ, ಸುಮಾರು 12,000 ಪುಟ ಮಾತ್ರ ಅದೃಷ್ಟಕ್ಕೆ ಉಳಿದವು. 1911ರಲ್ಲಿ ಅಲ್ಲಿನ ಶಾಸನಸಭೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಡಚ್ ಕಡತಗಳಿಗೆ ಬೆಲೆ ಇಲ್ಲ ಅಂತ ಕೆಳಗಿನ ಗೂಡಲ್ಲಿ ತುಂಬಿಟ್ಟಿದ್ದರು, ಮೇಲಿದ್ದ ಇಂಗ್ಲಿಷ್ ಕಡತಗಳು ಉರಿದು ಇವುಗಳ ಮೇಲೆ ಕುಸಿದು ಬಿದ್ದವು. ಅಂಚು ಸುಟ್ಟರೂ ಒಳಗಿನದು ಉಳೀತು. 1974ರಿಂದ ಅವನ್ನ ಕೂತು ಓದಿ ಇಂಗ್ಲಿಷಿಗೆ ತರೋ ಕೆಲಸ ನಡೀತಿದೆ.

ಆ ಪುಟಗಳಲ್ಲಿ ಅನ್ನೆಕೆ ಹೇಗೆ ಕಾಣಿಸ್ತಾಳೆ ಗೊತ್ತಾ? 1638, ಪಾದ್ರಿಯನ್ನ ಮದುವೆಯಾದ ಹೊಸತು. ಗ್ರೀತ್ಯೆ ರೇನಿಯರ್ಸ್ ಅನ್ನೋ ಹೆಂಗಸು ಊರ ತುಂಬ ಸಾರಿಕೊಂಡು ಬಂದಳು: ಪಾದ್ರಿಯ ಹೆಂಡತಿ ದಾರೀಲಿ ಲಂಗ ಎತ್ತಿ ಕಾಲು ತೋರಿಸಿದಳು ಅಂತ. ಕೇಸಾಯ್ತು. ಸಾಕ್ಷಿ ಬಂದವರು ಹೇಳಿದ್ದು: ಅನ್ನೆಕೆ ಕಮ್ಮಾರನ ಕುಲುಮೆ ಮುಂದೆ ಹೋಗುವಾಗ ದಾರಿ ಕೆಸರಾಗಿತ್ತು, ಸೊಂಟದ ಹತ್ರ ಕೈಯಿಟ್ಟು ಲಂಗವನ್ನ ಒಂಚೂರು ಮೇಲೆತ್ತಿದಳು, ಕೊಳೆ ಆಗಬಾರದು ಅಂತ. ಇಷ್ಟೇ. ಮಂಡಳಿಯ ಮುಂದೆ ಕೂತು ಒಂದು ಊರಿನ ಗಂಡಸರು ಇದನ್ನ ಗಂಭೀರವಾಗಿ ಬರೆದುಕೊಂಡಿದ್ದಾರೆ. ಗ್ರೀತ್ಯೆ ಕ್ಷಮೆ ಕೇಳಬೇಕಾಯ್ತು. ಅವಳ ಗಂಡ ಆಂಥೊನಿ ಯಾನ್ಸನ್, ನೋಡಿ, ಮತ್ತೊಬ್ಬ ಯಾನ್ ಮಗ. ಅವನಿಗೂ ಇವಳಿಗೂ ನಂಟು ಕಟ್ಟಿದ ಮಹಾನುಭಾವರನ್ನೂ ನೋಡಿದ್ದೀನಿ.

ಜೀನ್_ಜಾಣೆ:

ತಡವಾಗಿ ಬಂದೆ, ಈ ಕ್ಷೇತ್ರ ನನ್ನದು ಅಂತ ಮೂಗು ತೂರಿಸ್ತೀನಿ. ಡಿಎನ್‌ಎ ಪರೀಕ್ಷೆ ಮಾಡಿಸಿದ್ರೆ ಗೊತ್ತಾಗಲ್ವಾ ಅಂತ ಯಾರಾದ್ರೂ ಕೇಳೋ ಮುಂಚೆ ಹೇಳಿಬಿಡ್ತೀನಿ.

ಮಾಮೂಲಿ ಎಂಜಲು ಪರೀಕ್ಷೆಯಿಂದ ಏನೂ ಸಿಗಲ್ಲ. ಪ್ರತಿ ತಲೆಮಾರಿಗೂ ಪೂರ್ವಜರ ಪಾಲು ಅರ್ಧಕ್ಕರ್ಧ ಇಳಿಯುತ್ತೆ. 400 ವರ್ಷಕ್ಕೆ 13 ತಲೆಮಾರು ಹಿಡಿದ್ರೆ ಆ ಮಟ್ಟದಲ್ಲಿ 8192 ಸ್ಥಾನ, ಅದರಲ್ಲಿ ಅನ್ನೆಕೆ ಒಂದು. ಎಷ್ಟೋ ವಂಶಸ್ಥರ ಮೈಯಲ್ಲಿ ಅವಳಿಂದ ಬಂದ ತುಣುಕು ಒಂದೂ ಉಳಿದಿರಲ್ಲ, ಆದ್ರೂ ಅವರು ವಂಶಸ್ಥರೇ.

ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯೋ ಮೈಟೋಕಾಂಡ್ರಿಯದ ಡಿಎನ್‌ಎ ಮಾತ್ರ ಉಪಯೋಗಕ್ಕೆ ಬರುತ್ತೆ. ಅನ್ನೆಕೆಯ ಹೆಣ್ಣುಮಕ್ಕಳ ಸಾಲಿನಿಂದ ಇವತ್ತಿನವರೆಗೆ ಬರೀ ಹೆಣ್ಣಿನ ಕೊಂಡಿಯಲ್ಲೇ ಬಂದ ಒಬ್ಬರು, ಸೋದರಿ ಮರಿತ್ಯೆಯ ಸಾಲಿನಿಂದ ಹಾಗೇ ಬಂದ ಇನ್ನೊಬ್ಬರು. ಇಬ್ಬರದ್ದೂ ಹೊಂದಿದ್ರೆ ತ್ರೈನ್ ಯೋನಾಸ್ ಇಬ್ಬರಿಗೂ ತಾಯಿ ಅನ್ನೋ ಕಾಗದದ ಮಾತಿಗೆ ಬಲ ಬರುತ್ತೆ. ಅಷ್ಟೇ. ಅಪ್ಪ ಯಾನ್ ಅದರಲ್ಲಿ ಕಾಣೋದೇ ಇಲ್ಲ, ಆರೆಂಜ್ ಮನೆತನ ಹೌದೋ ಅಲ್ಲವೋ ಅಂತ ಹೇಳೋಕೆ ಆ ಸಾಲಿಗೆ ಬಾಯಿಯೇ ಇಲ್ಲ. ಯಾರಾದ್ರೂ ‘ಡಿಎನ್‌ಎಯಿಂದ ರಾಜವಂಶ ಸಾಬೀತು’ ಅಂತ ಮಾರಾಟಕ್ಕೆ ಬಂದ್ರೆ ಪರ್ಸ್ ಜೋಪಾನ.

ಕುಂದಾಪ್ರ_ಕಡಲು:

ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಕೊಬೇಡಿ. ಇಷ್ಟು ಹೊತ್ತು ಚರ್ಚಿನ ಜಮೀನು, ಅನ್ನೆಕೆಯ ಜಮೀನು ಅಂತಿದ್ದೇವೆ. 1636ಕ್ಕೆ ಮುಂಚೆ ಅದು ಯಾರದ್ದಾಗಿತ್ತು?

ಜರ್ಸಿ_ಜಗಲಿ:

ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರದ್ದು. ಕಂಪನಿ ತನ್ನದು ಅಂತ ಹೇಳಿಕೊಂಡು ಹಂಚಿತು. ಆ ಪ್ರಶ್ನೆಗೆ ಯಾವ ಕೋರ್ಟಲ್ಲೂ 1847ರ ಹಾಗೆ ಕೇಸು ನಡೀಲಿಲ್ಲ. ಒಂದು ವಿಷಯ ಗಮನಿಸಿ: ಅನ್ನೆಕೆಯ ಮಗಳು ಸಾರಾ ಅವರ ಭಾಷೆ ಕಲಿತು ಮಾತಾಡ್ತಿದ್ದಳು, ಒಪ್ಪಂದದ ಮಾತುಕತೆಗೆ ಡಚ್ ಗವರ್ನರ್ ಸ್ಟೈವೆಸಂಟ್ ಅವಳನ್ನೇ ದುಭಾಷಿಯಾಗಿ ಕರೆಸಿಕೊಂಡ. ಹ್ಯಾಕೆನ್‌ಸ್ಯಾಕ್ ಮುಖಂಡ ಒರಾಟಮ್ ಅವಳಿಗೆ ಈಗಿನ ನ್ಯೂಜರ್ಸಿಯಲ್ಲಿ ದೊಡ್ಡ ಜಮೀನನ್ನೇ ಕೊಟ್ಟ. ಅಂಥ ಮಗಳು ಇದ್ದಾಗ ಈ ಜನ ರಾಜಕುಮಾರನನ್ನ ಹುಡುಕಿಕೊಂಡು ಯಾಕೆ ಹೋದರೋ.

ಆಮ್‌ಸ್ಟೆಲ್‌ವೀನ್_ಅಕ್ಕ:

ಯಾಕಂದ್ರೆ ಸಾರಾಳಿಂದ ದುಡ್ಡು ಬರಲ್ಲ!

ಒಂದು ಲೆಕ್ಕ ಹೇಳಿ ಬಿಡ್ತೀನಿ. ವಾನ್ ರೆನ್ಸೆಲಾರ್ 1630ರಲ್ಲಿ ರೂಲೊಫ್‌ನ ಕೆಲಸಕ್ಕೆ ಗೊತ್ತುಮಾಡಿದ್ದು ವರ್ಷಕ್ಕೆ 180 ಗಿಲ್ಡರ್‌ಗೆ. ಹೆಂಡತಿ, ಮಕ್ಕಳನ್ನ ಕಟ್ಟಿಕೊಂಡು ಸಮುದ್ರ ದಾಟಿ, ಕಾಡಿನ ಅಂಚಲ್ಲಿ ಹೊಲ ಮಾಡೋಕೆ. ಬಾಗಿಲು ತಟ್ಟಿದರೆ ಸಾಲ ಕೊಡೋ ರಾಜಬಂಧುಗಳು ಇದ್ದವರು ಒಪ್ಪೋ ಸಂಬಳ ಅಲ್ಲ ಇದು.

ಧಾರವಾಡ_ಪೇಡೆ:

ಹಂಗಾದ್ರ ಮುಂದ ಏನ ಮಾಡ್ಬೇಕು ಇವ್ರು? ಜಗಲಿ ಅಣ್ಣಾ, ಆ ತಾಯಿಯವರಿಗೆ ಏನಂತ ಹೇಳ್ತಿ?

ಜರ್ಸಿ_ಜಗಲಿ:

ನಿನ್ನೆ ಹೇಳಿದೆ. ಮೊದಲು ಸ್ವಲ್ಪ ಮುಖ ಸಣ್ಣ ಮಾಡಿಕೊಂಡ್ರು. ಸೂಲಗಿತ್ತಿ ಅಂದಾಗ ಕಿವಿ ನೆಟ್ಟಗಾಯ್ತು, ಅವರೂ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ನಿವೃತ್ತರಾದವರು. ‘ಸರಿ, ಅನ್ನೆಕೆಗೆ ಮೇಲಿನದ್ದು ಬಿಡು, ಅವಳಿಂದ ನನ್ನ ತನಕ ಇರೋ ಸಾಲಾದ್ರೂ ನಿಜಾನಾ ನೋಡು’ ಅಂದ್ರು. ಈಗ ಅದೇ ತಲೆನೋವು. ಹಾಳೆ ಪ್ರಕಾರ ಇವರು ಕಾರ್ನೆಲಿಸ್ ಬೊಗಾರ್ಡಸ್ ಕವಲು, ಅಂದ್ರೆ ಸಹಿ ಹಾಕದ ಕವಲು. 19ನೇ ಶತಮಾನದ ತನಕ ಜನಗಣತಿ, ಸಮಾಧಿಕಲ್ಲು ಎಲ್ಲಾ ಹೊಂದಿದೆ. 1750ರ ಹತ್ರ ಅಲ್ಸ್ಟರ್ ಕೌಂಟಿಯಲ್ಲಿ ಒಬ್ಬನ ಅಪ್ಪ ಅಮ್ಮ ಯಾರು ಅಂತ ಹಾಳೆಯಲ್ಲಿ ಬರೆದಿದೆ, ಆಧಾರ ಮಾತ್ರ ಕಾಣ್ತಿಲ್ಲ.

ಮೈಸೂರ್_ಮುನ್ಸೀಫ:

ಅನುಮಾನಿಸಬೇಕಾದ ಕೊಂಡಿ ಅದೇ. ವಾರಸುದಾರಿಕೆ ಹಣ ಬರುವುದು ಸಹಿ ಹಾಕದ ಕವಲಿಗೆ ಮಾತ್ರ ಎಂದ ಮೇಲೆ ಎಲ್ಲ ಬೊಗಾರ್ಡಸ್‌ಗಳೂ ಕಾರ್ನೆಲಿಸ್‌ನ ಮಕ್ಕಳಾಗಲು ಹೊರಟಿರುತ್ತಾರೆ. ವಿಲ್ಲೆಮ್‌ನ ಅಥವಾ ಪೀಟರ್‌ನ ಕವಲಿನವರನ್ನು ಇತ್ತ ಎಳೆದು ತಂದಿದ್ದಾರೆಯೇ ನೋಡಿ.

ಆಮ್‌ಸ್ಟೆಲ್‌ವೀನ್_ಅಕ್ಕ:

ಮುನ್ಸೀಫರು ಹೇಳಿದ್ದು ನೂರಕ್ಕೆ ನೂರು. ಜಗಲಿ, ಅಲ್ಸ್ಟರ್ ಕೌಂಟಿಯ ಕಿಂಗ್‌ಸ್ಟನ್‌ನ ಹಳೇ ಡಚ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕ 1660ರಿಂದ ಇದೆ, ಮೊದಲು ಅದನ್ನ ತೆಗಿ. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು ಇದ್ದೇ ಇರುತ್ತೆ. ನೀನು ನೋಡಬೇಕಾದ್ದು ಕೊನೇ ಕಾಲಂ, ಸಾಕ್ಷಿಗಳದ್ದು. ಅಲ್ಲಿ ನಿಲ್ಲೋರು ಬಹುಪಾಲು ಸೋದರಮಾವ, ಅತ್ತೆ, ಅಜ್ಜ, ಅಜ್ಜಿ. ಆ ದಂಪತಿಯ ಎಲ್ಲಾ ಮಕ್ಕಳ ನಮೂದು ಒಟ್ಟಿಗೆ ಇಟ್ಟುಕೊಂಡು ಸಾಕ್ಷಿಗಳ ಪಟ್ಟಿ ಮಾಡು, ಯಾವ ಬೊಗಾರ್ಡಸ್ ಮನೆಯವರು ಮತ್ತೆ ಮತ್ತೆ ಬರ್ತಾರೆ ಅಂತ ತಾನಾಗೇ ಕಾಣುತ್ತೆ. ಅಲ್ಲಿ ಸಿಗದಿದ್ರೆ ಆಲ್ಬನಿ ಪುಸ್ತಕ, 1683ರಿಂದ ಇದೆ. ನ್ಯೂಯಾರ್ಕಿನದ್ದು 1639ರಿಂದ.

ಇಂಗ್ಲಿಷ್ ಅಚ್ಚು ನೋಡಿ ಸುಮ್ಮನಾಗಬೇಡ, ಹೆಸರು ತಪ್ಪು ಓದಿರ್ತಾರೆ. ಮೂಲ ಪುಟದ ಚಿತ್ರ ಇಲ್ಲಿ ಹಾಕು, ಕೈಬರಹ ನಾನು ಓದ್ತೀನಿ.

ಜರ್ಸಿ_ಜಗಲಿ:

ಶನಿವಾರ ಹಾಕ್ತೀನಿ ಅಕ್ಕ. ಆ ಅಲ್ಸ್ಟರ್‌ನೋನ ಹೆಂಡತಿ ಹೆಸರು ಹಾಳೆಯಲ್ಲಿ ಒಂದು ಕಡೆ ರಾಕೆಲ್, ಇನ್ನೊಂದು ಕಡೆ ರೆಬೆಕ್ಕಾ ಅಂತಿದೆ. ಎರಡನ್ನೂ ಹುಡುಕಲಾ?

ಆಮ್‌ಸ್ಟೆಲ್‌ವೀನ್_ಅಕ್ಕ:

ಎರಡನ್ನೂ ಹುಡುಕು. ಮೊದಲನೇ ಹೆಂಡತಿ, ಎರಡನೇ ಹೆಂಡತಿ ಇದ್ದರೂ ಇದ್ದಾರು.